ಇದರಾಗ ನಮ್ಮದು ಏನೈತಿ?

ಹೋದ ವರ್ಷ ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಗೋಡೆ ಪತ್ರಿಕೆ ಶುರು ಮಾಡಿದೆವು. ಒಂದು ಡ್ರಾಯಿಂಗ್ ಶೀಟು, ಎರಡು ಸ್ಕೆಚ್ ಪೆನ್ನು, ಅಷ್ಟೇ ಬಂಡವಾಳ. ಒಬ್ಬ ಗಜೇಂದ್ರಗಡದ ಕೋಟೆಯ ಬಗ್ಗೆ ಬರೆದ. ಇನ್ನೊಬ್ಬಳು ತನ್ನ ಅಮ್ಮ ಮಗ್ಗದಲ್ಲಿ ಸೀರೆ ನೇಯುವುದನ್ನು ಬರೆಯತೊಡಗಿದಳು. ಅಕ್ಷರ ಸೊಟ್ಟಗಿದ್ದರೂ ಬಿಡುವಿನ ವೇಳೆಯಲ್ಲಿ ನಿಂತು ಓದುವವರಿದ್ದರು.

ಮೂರನೇ ಸಂಚಿಕೆಗೆ ಪರಿಚಯದ ವ್ಯಾಪಾರಸ್ಥರೊಬ್ಬರು ಬಣ್ಣದಲ್ಲಿ ಪ್ರಿಂಟ್ ಹಾಕಿಸಿಕೊಡುತ್ತೇನೆ ಎಂದರು. ನಮಗೋ ಹಬ್ಬ. ಪ್ರಿಂಟ್ ಬಂದಾಗ ನೋಡಿದರೆ ಅರ್ಧ ಹಾಳೆ ಜಾಹೀರಾತು, ಉಳಿದರ್ಧ ಎಲ್ಲಿಂದಲೋ ತಂದ ಸುಭಾಷಿತ. ಮಗ್ಗದ ಬರಹದ ಮುಂದಿನ ಭಾಗ ಇರಲೇ ಇಲ್ಲ. ಬರೆದವಳು ಒಂದೇ ಮಾತು ಕೇಳಿದಳು: “ಇದರಾಗ ನಮ್ಮದು ಏನೈತಿ?” ನಾನು ಸುಮ್ಮನಿದ್ದೆ. ನಾಲ್ಕನೇ ಸಂಚಿಕೆ ಬರಲಿಲ್ಲ.

ಇದು ಮತ್ತೆ ನೆನಪಾದದ್ದು ಕಂಪ್ಯೂಟರ್ ಲ್ಯಾಬ್‌ನಲ್ಲಿ. ಹಳೆಯ ಪುಸ್ತಕದಲ್ಲಿ ‘ಓಪನ್ ಆಫೀಸ್’ ಎಂದಿದೆ, ಪರದೆಯ ಮೇಲೆ ‘ಲಿಬ್ರೆ ಆಫೀಸ್’ ಎಂದಿದೆ, ಯಾಕೆ ಎಂದು ಸರ್‌ ಅವರನ್ನು ಕೇಳಿದೆ. ಅವರು ಆ ಕಥೆ ಹೇಳಿದರು. ಓಪನ್ ಆಫೀಸ್ ಮುಕ್ತ ತಂತ್ರಾಂಶ. ಅದಕ್ಕೆ ಹಣ, ಎಂಜಿನಿಯರುಗಳನ್ನು ಕೊಡುತ್ತಿದ್ದದ್ದು ಸನ್ ಕಂಪನಿ. ಜೊತೆಗೆ ಅನೇಕ ದೇಶಗಳ ಸ್ವಯಂಸೇವಕರು ಅನುವಾದ ಮಾಡುತ್ತಿದ್ದರು, ದೋಷ ತಿದ್ದುತ್ತಿದ್ದರು. 2010ರಲ್ಲಿ ಸನ್ ಕಂಪನಿಯನ್ನು ಒರಾಕಲ್ ಕೊಂಡಿತು. ಮುಂದೇನು ಎಂಬ ಚಿಂತೆ ಸ್ವಯಂಸೇವಕರಿಗೆ. ಅದೇ ವರ್ಷ ಸೆಪ್ಟೆಂಬರ್ 28ರಂದು ಅವರು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿಕೊಂಡು ಹೊರಬಂದರು. ಹೆಸರು ಕಂಪನಿಯ ಬಳಿಯೇ ಉಳಿಯಿತು. ಕೋಡ್ ಮಾತ್ರ ಎಲ್ಲರದ್ದೂ ಆಗಿತ್ತು, ಲೈಸೆನ್ಸೇ ಹಾಗಿತ್ತು. ಅದನ್ನೇ ತೆಗೆದುಕೊಂಡು ಲಿಬ್ರೆ ಆಫೀಸ್ ಎಂಬ ಹೊಸ ಹೆಸರಿಟ್ಟರು. ಮರುವರ್ಷ ಒರಾಕಲ್ ಓಪನ್ ಆಫೀಸನ್ನು ಅಪಾಚೆ ಸಂಸ್ಥೆಗೆ ಒಪ್ಪಿಸಿತು.

“ನಮ್ಮ ಕನ್ನಡದಲ್ಲೂ ಇಂಥದ್ದು ಆಗಿದೆ” ಎಂದರು ಸರ್. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾದದ್ದು. ಬೆರಳೆಣಿಕೆಯ ಜನ ಸಂಬಳವಿಲ್ಲದೆ ಬರೆದು ಬೆಳೆಸಿದರು. 2010ರ ಸುಮಾರಿಗೆ ಗೂಗಲ್ ಹಣ ಕೊಟ್ಟು ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗು ಮುಂತಾದ ಭಾಷೆಗಳಿಗೆ ಅನುವಾದ ಮಾಡಿಸಿತು. ಉದ್ದೇಶ ಕೆಟ್ಟದ್ದೇನಲ್ಲ, ಭಾಷೆಗಳಲ್ಲಿ ಮಾಹಿತಿ ಹೆಚ್ಚಲಿ ಎಂದೇ. ಆದರೆ ಯಾವ ಲೇಖನ ಬೇಕು ಎಂದು ಇಲ್ಲಿ ಬರೆಯುತ್ತಿದ್ದವರನ್ನು ಮೊದಲು ಕೇಳಲಿಲ್ಲ. ಹಾಗಾಗಿ ನಮ್ಮವರು ಕೇಳದ ವಿದೇಶಿ ವಿಷಯಗಳೂ ಬಂದವು, ಇಂಗ್ಲಿಷ್ ವಾಕ್ಯದ ಅಚ್ಚಿನಲ್ಲೇ ಎರಕ ಹೊಯ್ದ ಕನ್ನಡವೂ ಬಂತು. ಬಂಗಾಳಿಯವರು ಬೇಡವೆಂದು ತಡೆದರು. ತಮಿಳರು ಕೂತು ಮಾತಾಡಿ ಷರತ್ತು ಹಾಕಿದರು. ಕನ್ನಡದಲ್ಲಿ ಸ್ವಯಂಸೇವಕರೇ ಕಡಿಮೆ. ಅನುವಾದಕರು ಕೆಲಸ ಮುಗಿಸಿ ಹೋದರು, ತಿದ್ದುವ ಕೆಲಸ ಉಳಿದವರ ಹೆಗಲಿಗೆ ಬಂತು.

ಆ ದಿನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಇದೇ ಯೋಚನೆ. ದುಡ್ಡು ಬೇಡ ಎನ್ನಲು ಆಗುವುದಿಲ್ಲ. ಸರ್ವರ್‌ಗೂ ದುಡ್ಡು ಬೇಕು, ಡ್ರಾಯಿಂಗ್ ಶೀಟಿಗೂ ಬೇಕು. ಆದರೆ ಸಂಬಳವಿಲ್ಲದೆ ದುಡಿಯುವವರಿಗೆ ಸಿಗುವ ಕೂಲಿ ಒಂದೇ, ‘ಇದು ನಮ್ಮದು’ ಎಂಬ ಭಾವ. ಕೇಳದೆ ನಿರ್ಧಾರ ಮಾಡಿದರೆ ಅದೇ ಕೂಲಿಯನ್ನು ಕಿತ್ತುಕೊಂಡಂತೆ.

ಆದರೆ ತಪ್ಪೆಲ್ಲ ಆ ವ್ಯಾಪಾರಸ್ಥರದ್ದು ಎಂದರೆ ನಾನು ಸುಳ್ಳು ಹೇಳಿದಂತೆ. ನಾವು ಏನು ಬೇಕು, ಏನು ಬೇಡ ಎಂದು ಮೊದಲೇ ಹೇಳಿರಲಿಲ್ಲ. ಬಣ್ಣದ ಪ್ರಿಂಟಿಗೆ ಮರುಳಾಗಿದ್ದೆವು. ತಮಿಳರಂತೆ ಮಾತಾಡಲೂ ಇಲ್ಲ, ಲಿಬ್ರೆ ಆಫೀಸಿನವರಂತೆ ಹೊರಬಂದು ಮುಂದುವರಿಸಲೂ ಇಲ್ಲ. ಮುನಿಸಿಕೊಂಡು ನಿಲ್ಲಿಸಿದೆವು, ಅಷ್ಟೇ.

ಮೊನ್ನೆ ಗೆಳತಿಯ ಹತ್ತಿರ ಹೋಗಿ ಮಗ್ಗದ ಬರಹ ಇನ್ನೂ ಇದೆಯಾ ಎಂದು ಕೇಳಿದೆ. “ಐತಿ, ಆದರ ಕೈಲೇ ಬರದ ಹಾಕಬೇಕು” ಎಂದಳು. ವ್ಯಾಪಾರಸ್ಥರನ್ನೂ ಕಂಡು ಬಂದೆವು. ಹಾಳೆ ಕೊಡಿಸಿರಿ, ಕೆಳಗೆ ಒಂದು ಸಾಲಿನಲ್ಲಿ ನಿಮ್ಮ ಹೆಸರು ಹಾಕುತ್ತೇವೆ, ಏನು ಬರೆಯಬೇಕೆಂಬುದು ಮಾತ್ರ ನಮಗೆ ಬಿಡಿರಿ ಎಂದೆವು. ಅವರು ನಕ್ಕು, “ಮೊದಲೇ ಹೇಳಬೇಕಿತ್ತಲ್ಲೋ” ಎಂದರು.

ನಾಲ್ಕನೇ ಸಂಚಿಕೆ ಮುಂದಿನ ಸೋಮವಾರ ಗೋಡೆಗೆ ಏರಲಿದೆ. ಅಕ್ಷರ ಸೊಟ್ಟಗಿರುತ್ತದೆ, ದಯವಿಟ್ಟು ನಿಂತು ಓದಿ.