ತೆರವೂ ಕೂಡಿಕೆಯೂ

ದಕ್ಷಿಣ ಆಫ್ರಿಕದ ಜುಲು ಮೊದಲಾದ ಜನಾಂಗಗಳಲ್ಲಿ ವರನ ಕಡೆಯವರು ವಧುವಿನ ಮನೆಗೆ ಒಪ್ಪಿಸುವ ಗೋಧನಕ್ಕೆ ಲೊಬೋಲವೆಂದು ಹೆಸರು. ಕನ್ನಡನಾಡಿನ ಕೆಲವು ಕುಲಗಳಲ್ಲಿದ್ದ ತೆರವನ್ನು ಬಲ್ಲವರಿಗೆ ಇದು ತೀರ ಹೊಸದೆನಿಸಲಾರದು. ಪಾದ್ರಿಗಳನೇಕರು ಇದನ್ನು ಹೆಣ್ಣಿನ ವಿಕ್ರಯವೆಂದು ಹಳಿದರು. ಆ ಜನರಾದರೋ ಎರಡು ಮನೆತನಗಳನ್ನು ಬೆಸೆಯುವ ಸೂತ್ರವೆಂದು ಎಣಿಸಿದರು. ಮಾತುಕತೆಗೆ ಹಿರಿಯರೇ ಹೋಗತಕ್ಕದ್ದು. ವರನು ನಡುವೆ ಬಾಯಿ ಹಾಕುವಂತಿಲ್ಲ. 1869ರಲ್ಲಿ ನೇಟಾಲಿನ ಬ್ರಿಟಿಷ್ ಸರಕಾರವು ಸಾಮಾನ್ಯ ಪ್ರಜೆಗೆ 10 ದನಗಳ ಮಿತಿಯನ್ನು ಗೊತ್ತುಮಾಡಿತು. ಮೀರಬಾರದೆಂದು ಇಟ್ಟ ಎಣಿಕೆ ಬರಬರುತ್ತ ವಾಡಿಕೆಯ ದರವೇ ಆಯಿತು!

1886ರಲ್ಲಿ ವಿಟ್‌ವಾಟರ್ಸ್‌ರ್ಯಾಂಡಿನಲ್ಲಿ ಚಿನ್ನ ದೊರೆತ ಮೇಲೆ ಹಳ್ಳಿಯ ಗಂಡಸರು ಗಣಿಗಳ ದಾರಿ ಹಿಡಿದರು. ಅಲ್ಲಿಯ ಕೂಲಿಗಳ ವಠಾರಗಳಲ್ಲಿ ಹೆಂಡತಿಗೆ ಎಡೆಯಿರಲಿಲ್ಲ. ಕರಿಯರ ಸಂಚಾರವನ್ನು ಕಟ್ಟಿಹಾಕಿದ್ದ ರಹದಾರಿ ಕಾನೂನು 1986ರ ತನಕ ಉಳಿಯಿತು. ಊರಿನಲ್ಲೊಂದು ಸಂಸಾರ, ಪಟ್ಟಣದಲ್ಲಿನ್ನೊಂದು ಆಸರೆ ಎಂಬ ಬಾಳು ಇದರಿಂದ ಬೆಳೆಯಿತು. ಶಾಸ್ತ್ರವಿಲ್ಲದ ಇಂತಹ ಕೂಡಿಕೆಗೆ ಆಫ್ರಿಕಾನ್ಸ್ ಭಾಷೆಯಲ್ಲಿ ‘ಫಾಟ್ ಎನ್ ಸಿಟ್’, ಎಂದರೆ ‘ಹಿಡಿದುಕೊಂಡು ಕೂತುಬಿಡು’, ಎಂಬ ಹಾಸ್ಯದ ಹೆಸರಿದೆ. ಈಗ ದನಗಳ ಬದಲು ಬಹುಮಟ್ಟಿಗೆ ಹಣವೇ ಸಲ್ಲುತ್ತದೆ, ಲೆಕ್ಕ ಮಾತ್ರ ದನಗಳದೇ. ಕೆಲಸ ಬಯಸುವ ಮೂವರಲ್ಲಿ ಸುಮಾರು ಒಬ್ಬರಿಗೆ ಕೆಲಸವಿಲ್ಲದ ನಾಡಿನಲ್ಲಿ ತರುಣನು ಆ ಹಣವನ್ನು ಎಲ್ಲಿಂದ ತಂದಾನು? ಅವನು ಲೊಬೋಲವನ್ನು ತಿರಸ್ಕರಿಸಿದವನಲ್ಲ. ಅದು ಕೂಡುವ ತನಕ ಕಾಯುತ್ತ, ಕೂಡಿ ಬಾಳುತ್ತಿರುವವನು.

ಯಾರ ಮದುವೆ ಮದುವೆಯೆಂಬುದನ್ನು ಆ ದೇಶದ ಕಾನೂನು ಬಹುಕಾಲ ತನ್ನ ಮನಬಂದಂತೆ ತೀರ್ಮಾನಿಸಿತು. 1913ರಲ್ಲಿ ಕೇಪ್ ನ್ಯಾಯಸ್ಥಾನವು ಕ್ರೈಸ್ತ ವಿಧಿಯಿಂದಾಗದ ಭಾರತೀಯರ ವಿವಾಹಗಳನ್ನು ಮನ್ನಿಸದೆಹೋದಾಗ ಕಸ್ತೂರಬಾ ಮೊದಲಾದ ಸ್ತ್ರೀಯರು ಸೆರೆಮನೆ ಸೇರಿದ್ದನ್ನು ವಾಚಕರು ಬಲ್ಲರು. ಆಫ್ರಿಕದವರ ಕುಲಾಚಾರದ ಮದುವೆಗಳಿಗೆ ಪೂರ್ಣ ಮನ್ನಣೆಯಿತ್ತ 1998ರ ಶಾಸನವು ಜಾರಿಗೆ ಬಂದುದು 2000ದಲ್ಲಿ. ಕೂಡಿ ಬಾಳಿದವರಿಗೆ ಅದರಿಂದ ಫಲವಾಗಲಿಲ್ಲ. ಸಂಗಾತಿಯನ್ನು ಕಳೆದುಕೊಂಡವಳಿಗೆ ಅವನ ಆಸ್ತಿಯಿಂದ ಜೀವನಾಂಶವಿಲ್ಲವೆಂದು ಸಂವಿಧಾನ ನ್ಯಾಯಾಲಯವು 2005ರಲ್ಲಿ ತೀರ್ಪಿತ್ತಿತು.

ಅದೇ ನ್ಯಾಯಾಲಯವು 2021ರ ಡಿಸೆಂಬರ್ 31ರಂದು ಆ ಮಾತನ್ನು ಬದಲಿಸಿತು. ದಾವೆ ಹೂಡಿದವಳು ಮನೆಗೆಲಸ ಮಾಡಿ ಜೀವಿಸುತ್ತಿದ್ದ ಓರ್ವ ಸ್ತ್ರೀ. ಲೊಬೋಲದ ಮಾತುಕತೆಗಾಗಿ ಅವಳ ತವರಿಗೆ ಹೋಗಬೇಕೆಂದಿದ್ದ ಸಂಗಾತಿ 2016ರಲ್ಲಿ, ಪ್ರಯಾಣಕ್ಕೆ ಮುನ್ನವೇ, ತೀರಿಕೊಂಡಿದ್ದನು. ಪರಸ್ಪರ ಪೋಷಣೆಯ ಹೊಣೆ ಹೊತ್ತು ಬಾಳಿದ ಸಂಗಾತಿಗೆ ಜೀವನಾಂಶವೂ ಉತ್ತರಾಧಿಕಾರವೂ ಸಲ್ಲತಕ್ಕದ್ದೆಂದು ನ್ಯಾಯಾಲಯವು ಹೇಳಿತು. ಆದರೆ ಇದೆಲ್ಲ ಮರಣಾನಂತರದ ಹಕ್ಕು. ಇಬ್ಬರೂ ಬದುಕಿರುವಾಗಲೇ ಗಂಡಸು ಬಾಗಿಲು ಮುಚ್ಚಿದರೆ, ಹತ್ತು ವರ್ಷ ಒಲೆ ಹಚ್ಚಿದವಳಿಗೆ ಆ ತೀರ್ಪು ಏನನ್ನೂ ಕೊಡದು.