ಬಲ ಭುಜ ಅರ್ಧ ಇಳಿ

ಬೆಂಗಳೂರಿನ ಬಟ್ಟೆ ಅಂಗಡಿಯೊಂದರ ಟ್ರಯಲ್ ರೂಮಿನಲ್ಲಿ ಮೊನ್ನೆ ಅರ್ಧ ಗಂಟೆ ಸೆಣಸಿದೆ. ಎಂ ತೊಟ್ಟರೆ ಹೊಟ್ಟೆಯ ಮೇಲಿನ ಗುಂಡಿ ಮುನಿಸಿಕೊಳ್ಳುತ್ತದೆ. ಎಲ್ ತೊಟ್ಟರೆ ಭುಜದ ಹೊಲಿಗೆ ಮೊಣಕೈ ಕಡೆಗೆ ಪ್ರಯಾಣ ಹೊರಡುತ್ತದೆ. ಹೊರಗೆ ಹುಡುಗ "ಆಯ್ತಾ ಸಾರ್?" ಅನ್ನುತ್ತಲೇ ಇದ್ದ. ಬಂಗಾರಪೇಟೆಯಲ್ಲಿ ಹುಟ್ಟಿ, ಅಲ್ಲಿನ ಪಾನಿಪುರಿಯ ತಿಳಿನೀರು ಕುಡಿದೂ ಕುಡಿದೂ ಸಾಕಿದ ಹೊಟ್ಟೆ ಇದು. ಎಲ್ಲೋ ಕೂತು ಎಂ, ಎಲ್ ಎಂದು ಗೆರೆ ಎಳೆದವರಿಗೆ ಇದರ ವಂಶಾವಳಿ ಹೇಗೆ ತಿಳಿಯಬೇಕು?

ಆಗ ನೆನಪಾದವನು ಕೋಲಾರ ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯ ನಮ್ಮ ಟೈಲರಣ್ಣ. ತಮಿಳು, ತೆಲುಗು, ಕನ್ನಡ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ಮಾತಾಡುವವನು. ಕೊರಳಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲು. ಎಣ್ಣೆ ಮೆತ್ತಿದ ಅವನ ಅಳತೆ ಪುಸ್ತಕದಲ್ಲಿ ಎದೆ, ಸೊಂಟ, ತೋಳುಗಳ ಜೊತೆಗೆ ಬೇರೆ ಯಾವ ಪಟ್ಟಿಯಲ್ಲೂ ಸಿಗದ ಕಲಮುಗಳಿದ್ದವು. ಗಣಿಯಲ್ಲಿ ಬೆರಳು ಕಳೆದುಕೊಂಡವರ ಹೆಸರಿನ ಮುಂದೆ "ಕಾಜಾ ದೊಡ್ಡದು". ಬೆನ್ನು ಬಾಗಿದವರಿಗೆ "ಹಿಂದೆ ಒಂದಿಂಚು ಉದ್ದ". ಡ್ರಿಲ್ಲಿಂಗ್ ಮಿಷನ್ ಹೊತ್ತೂ ಹೊತ್ತೂ ಒಂದು ಕಡೆ ವಾಲಿದ ನಮ್ಮಪ್ಪನಿಗೆ "ಬಲ ಭುಜ ಅರ್ಧ ಇಳಿ". ಆ ಅರ್ಧ ಇಂಚು ಕೊಟ್ಟು ಹೊಲಿದ ಶರಟು ತೊಟ್ಟರೆ ಅಪ್ಪ ನೆಟ್ಟಗೆ ನಿಂತ ಹಾಗೆ ಕಾಣುತ್ತಿದ್ದರು. ಮದುವೆ ಮನೆಗಳಲ್ಲಿ ಆ ಭುಜ ಯಾರ ಕಣ್ಣಿಗೂ ಬೀಳಲಿಲ್ಲ.

ಅಳತೆ ಅಂದರೆ ಎಲ್ಲರೂ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸುವವರೇ. "ಉಸಿರು ಬಿಡು ಸ್ವಾಮಿ, ನಾನೇನು ಫೋಟೋ ತೆಗೀತಿಲ್ಲ" ಅನ್ನುತ್ತಿದ್ದ. ಹೊಟ್ಟೆ ಎಂಬ ಪದವನ್ನು ಮಾತ್ರ ಅವನ ಬಾಯಲ್ಲಿ ಕೇಳಿದವರಿಲ್ಲ. ಎಷ್ಟೇ ಮುಂದೆ ಬಂದಿರಲಿ, ಅದು ಸೊಂಟವೇ.

ನಮ್ಮ ದೇಶದ ಮೈಕಟ್ಟಿಗೆ ಬಹುಕಾಲ ತನ್ನದೇ ಸೈಜಿನ ಪಟ್ಟಿಯೇ ಇರಲಿಲ್ಲ. ಬ್ರಿಟನ್, ಅಮೆರಿಕಗಳ ಅಳತೆಯನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ನಡೆಸಿದರು. ಅದಕ್ಕೇ ನಿಫ್ಟ್ ಸಂಸ್ಥೆ 'ಇಂಡಿಯಾ ಸೈಜ್' ಎಂಬ ಹೆಸರಿನಲ್ಲಿ, ಆರು ನಗರಗಳಲ್ಲಿ 15ರಿಂದ 65 ವರ್ಷದ 25,000 ಜನರನ್ನು ಮೈ ಮುಟ್ಟದ ಸ್ಕ್ಯಾನರಿನಿಂದ ಅಳೆಯುವ ಕೆಲಸಕ್ಕೆ ಕೈಹಾಕಿತು. ಆಗಬೇಕಾದ ಕೆಲಸವೇ. ಆದರೂ ನಗರದ ಆ ಸಾಲಿನಲ್ಲಿ ನಮ್ಮ ಚಾಂಪಿಯನ್ ರೀಫ್ ಗಣಿಯ ಒಂದು ಭುಜವಾದರೂ ನಿಂತಿತ್ತೇ ಎಂದು ನನಗೊಂದು ಅನುಮಾನ. ಮೂರು ಕಿಲೋಮೀಟರಿಗೂ ಆಳದಲ್ಲಿ, ಬೇಯುವ ಬಂಡೆಯ ನಡುವೆ ರೂಪುಗೊಂಡ ಮೈ ಅದು. ಅಲ್ಲಿಂದ ಮೇಲೆ ಬಂದ ಚಿನ್ನವನ್ನೇನೋ ಗುಲಗಂಜಿಯಷ್ಟೂ ತಪ್ಪದಂತೆ ತೂಗುತ್ತಿದ್ದರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರಿನ ಮಕ್ಕಳು ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಕೆಲಸಗಳಿಗೆ ನಡೆದರು. ಗಾರ್ಮೆಂಟ್ಸ್ ಸೇರಿದವರು ಕಾಣದ ದೇಶದವರ ಎಂ, ಎಲ್ ಹೊಲಿದರು. ಅಳತೆ ಕೊಡಲು ಬರುವವರು ಕಡಿಮೆಯಾಗಿ, ಕೆಲವು ವರ್ಷಗಳ ಮೇಲೆ ಟೈಲರಣ್ಣನೂ ಅಂಗಡಿಗೆ ಬೀಗ ಹಾಕಿದ. ಸಾಮಾನು ಸಾಗಿಸಲು ಹೋದ ನನ್ನ ಕೈಗೆ ಆ ಪುಸ್ತಕ ಕೊಟ್ಟು, "ನಿಮ್ಮಪ್ಪನ ಪುಟ ಇದೆ, ಇಟ್ಕೋ" ಅಂದ.

ಪುಟ ತಿರುವಿದಾಗ ಒಂದು ವಿಷಯ ಗೊತ್ತಾಯಿತು. ಪ್ರತಿ ದೀಪಾವಳಿಗೂ ಅಪ್ಪನ ಎದೆಗೆ ಟೇಪು ಸುತ್ತಿ ಅವನು ಗಟ್ಟಿಯಾಗಿ "ಮೂವತ್ತಾರು!" ಎಂದು ಕೂಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಮೀಸೆಯಲ್ಲೇ ನಗುತ್ತಿದ್ದರು. ಕಲ್ಲಿನ ಧೂಳು ಸೇರಿದ ಎದೆ ವರ್ಷ ವರ್ಷಕ್ಕೂ ಕೃಶವಾಗುತ್ತಿದ್ದುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು. ಪುಸ್ತಕದಲ್ಲಿ ಮೂವತ್ತಾರು ಇದ್ದದ್ದು ಮೊದಲನೇ ವರ್ಷ ಮಾತ್ರ. ಆಮೇಲೆ 35, 34½, 34. ಕೂಗಿದ್ದು ಒಂದು, ಬರೆದದ್ದು ಇನ್ನೊಂದು. ಶರಟುಗಳೆಲ್ಲ ಬರೆದ ಅಳತೆಗೇ ಹೊಲಿದಂಥವು.

ಕೊನೆಯ ಸಾಲು 2000ದ ದೀಪಾವಳಿಯದು: ಎದೆ 33, ಬಲ ಭುಜ ಮುಕ್ಕಾಲು ಇಳಿ, ಹಣ ಮುಟ್ಟಿದೆ.