ಮಂಜುಗಡ್ಡೆಯ ಮೇಲಣ ಒಲವು

ಗೆದ್ದವನನ್ನು ನಂಬುವುದು ಸುಲಭ. ಬಿದ್ದವನನ್ನು ನಂಬುವುದಕ್ಕೆ ಒಲವು ಬೇಕು. ಜಪಾನಿನಲ್ಲಿ 2016ರಲ್ಲಿ ಹೊರಬಂದ 'ಯೂರಿ ಆನ್ ಐಸ್' ಎಂಬ 12 ಕಂತುಗಳ ಅನಿಮೆ ಚಿತ್ರಮಾಲೆಯು ಇದಕ್ಕೆ ನಿದರ್ಶನವಾಗಿದೆ. ಇದರ ನಿರ್ದೇಶಕಿ ಸಯೋ ಯಮಾಮೊಟೊ.

ಮಂಜುಗಡ್ಡೆಯ ಮೇಲೆ ಜಾರುತ್ತ ಕುಣಿಯುವ ಫಿಗರ್ ಸ್ಕೇಟಿಂಗಿನಲ್ಲಿ ಕಟ್ಟಕಡೆಯವನಾಗಿ ಸೋತ ಯೂರಿ ಕತ್ಸುಕಿಯು ಹಸೆತ್ಸು ಎಂಬ ತನ್ನೂರಿಗೆ ಮರಳಿದನು. ಕ್ಯೂಷು ದ್ವೀಪದ ಕರಾತ್ಸು ಪಟ್ಟಣವನ್ನು ನೋಡಿ ಕಲ್ಪಿಸಿದ ಊರು ಅದು. ಅವನು ಎಳೆತನದಿಂದ ಆರಾಧಿಸಿದ್ದ ರಷ್ಯದ ವಿಕ್ಟರ್ ನಿಕಿಫೊರೋವನು, ಐದು ಬಾರಿ ಜಗಜ್ಜೇತನಾದವನು, ಗುರುವಾಗಲು ತಾನಾಗಿಯೇ ಅಲ್ಲಿಗೆ ಬಂದನು.

ಆದರೆ ಈ ಆಟದಲ್ಲಿ ಆಟಗಾರನು ಒಂಟಿ. ಗುರುವು ಅಂಕಣದಾಚೆಗೇ ನಿಲ್ಲಬೇಕು. ಬೀಜಿಂಗಿನ ಸ್ಪರ್ಧೆಯಂದು ಯೂರಿಯು ಅಂಜಿ ಕುಗ್ಗಿರಲು, ವಿಕ್ಟರನು ಗುರುತನವನ್ನೇ ಬಿಡುವೆನೆಂದು ಬೆದರಿಸಿ ನೋಡಿದನು. ಶಿಷ್ಯನು ಕಣ್ಣೀರಿಟ್ಟು ಬೇಡಿದುದು ಇಷ್ಟೇ: ತನಗಿಂತ ಹೆಚ್ಚಾಗಿ ತನ್ನ ಗೆಲುವನ್ನು ನಂಬಿ, ಮಾತಿಲ್ಲದೆ ಬಳಿಯಲ್ಲಿರಬೇಕು. ಅನಂತರ ಅವನು ಗುರುವಿಗೆ ಹೆಸರು ತಂದ ನಾಲ್ಕು ಸುತ್ತಿನ ಫ್ಲಿಪ್ ನೆಗೆತವನ್ನು ಯತ್ನಿಸಿ ಬಿದ್ದನು. ಆದರೂ ವಿಕ್ಟರನು ಓಡಿಬಂದು ಅವನನ್ನು ಅಪ್ಪಿ ಚುಂಬಿಸಿದನು.

ಆ ಚುಂಬನವನ್ನು ವಿಕ್ಟರನ ತೋಳು ನಮ್ಮ ಕಣ್ಣಿಗೆ ಮರೆಮಾಡಿದೆ. ಇದನ್ನು ಅಳುಕೆನ್ನುವವರುಂಟು. ಆದರೆ ನೆರೆದ ಸಭೆಯ ಮುಂದೆಯೇ ನಡೆದುದನ್ನು ಬಚ್ಚಿಟ್ಟರೆಂದು ಹೇಗೆ ಹೇಳುವುದು? ಗಂಡು ಗಂಡನ್ನು ಒಲಿದುದಕ್ಕೆ ಈ ಕಥೆಯು ಎಲ್ಲಿಯೂ ಸಮಜಾಯಿಷಿ ಕೊಡುವುದಿಲ್ಲ. ಒಡನಾಡಿಗಳು ಹಳಿಯುವುದೂ ಇಲ್ಲ. ಬಾರ್ಸೆಲೋನದಲ್ಲಿ ಇಬ್ಬರೂ ಬಂಗಾರದ ಉಂಗುರಗಳನ್ನು ತೊಟ್ಟರು.

ಅಂತಿಮ ಸ್ಪರ್ಧೆಯಲ್ಲಿ ಯೂರಿಗೆ ದೊರೆತುದು ಬೆಳ್ಳಿಯ ಪದಕ. ಬಂಗಾರವು ಆಗಲೇ ಅವನ ಬೆರಳಿನಲ್ಲಿತ್ತು.